ಆರನೇ ವರ್ಷದ ದವಡೆಹಲ್ಲು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಒಂದು ಮಗುವಿನ ಬಾಯಿಯ ಮೂಲೆಯಲ್ಲಿದ್ದ ಒಂದೇ ಒಂದು ಹಲ್ಲಿಗಾಗಿ ನಡೆದ ಹೊಡೆದಾಟದ ಕತೆ. ಇಂಥದ್ದನ್ನು ಹೇಳಲು ವೈದ್ಯ ಓದಿದವರು ಬೇಕು, ಇಲ್ಲವೇ ಆ ಕೋಣೆಯಲ್ಲಿ ನಿಂತು ಕಣ್ಣಾರೆ ಕಂಡವರು ಬೇಕು. ಅವರ್ಯಾರೂ ಹೇಳಲಿಲ್ಲವೆಂದು ಇಲ್ಲಿ ಹೇಳುವ ಧೈರ್ಯ ಮಾಡಿದೆ. ಮೆತ್ತಗೆ ಹೇಳಿದರೆ ಸುಳ್ಳಾಗುತ್ತದೆ, ಜೋರಾಗಿ ಹೇಳಿದರೆ ನೆತ್ತರು ತೋರಿಸುವ ಚಪಲವಾಗುತ್ತದೆ. ನಡುವೆ ಎಲ್ಲಾದರೂ ಕಾಲು ಜಾರಿದರೆ ಆ ತಪ್ಪು ಹೇಳುವವರದ್ದು, ಹಲ್ಲಕ್ಕನದ್ದಲ್ಲ.

ಹಲ್ಲಕ್ಕ ಎಂಬುದು ಶಾಲೆಯ ಮಕ್ಕಳು ಇಟ್ಟ ಹೆಸರು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳು ಡಾಕ್ಟರ ಸಹಾಯಕಿ. ಹರೆಯದಲ್ಲಿ ನೆಲ ಒರೆಸಲು ಸೇರಿದವಳು ತಲೆಯಲ್ಲಿ ಬೆಳ್ಳಿಕೂದಲು ಕಾಣುವ ಹೊತ್ತಿಗೆ ಡಾಕ್ಟರ ಎರಡನೇ ಜೋಡಿ ಕೈಯಾಗಿದ್ದಳು. ರೋಗಿಯ ಬಾಯಿಯಿಂದ ಕಣ್ಣು ತೆಗೆಯದೆ ಡಾಕ್ಟರು ಬಲಗೈ ಚಾಚುತ್ತಿದ್ದರು. ಆ ಹೊತ್ತಿಗೆ ಬೇಕಾದ ಸಲಕರಣೆ ಅವರ ಬೆರಳ ನಡುವೆ ಬಂದು ಕೂರುತ್ತಿತ್ತು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹೊಸಬರು ನೋಡಿದರೆ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ವಾರಕ್ಕೊಮ್ಮೆ ಅವಳು ಶಾಲೆಗೆ ಹೋಗುತ್ತಿದ್ದಳು. ಡಬ್ಬಿಯ ತುಂಬ ಬಣ್ಣದ ಮಾತ್ರೆ. ಅದನ್ನು ಅಗಿದರೆ ಹಲ್ಲಿನ ಮೇಲೆ ಎಲ್ಲೆಲ್ಲಿ ಕೊಳೆ ಅಂಟಿದೆಯೋ ಅಲ್ಲೆಲ್ಲ ಕಡುಗುಲಾಬಿ ಬಣ್ಣ ಹಿಡಿಯುತ್ತದೆ. ಮಕ್ಕಳು ಕನ್ನಡಿ ನೋಡಿಕೊಂಡು, ನಲ್ಲಿಯ ಹತ್ತಿರ ಸಾಲಾಗಿ ನಿಂತು, ಬಣ್ಣ ಹೋಗುವ ತನಕ ಉಜ್ಜಬೇಕು. ಆಟವೂ ಆಯಿತು, ಪಾಠವೂ ಆಯಿತು.

“ಹಲ್ಲಕ್ಕ, ನನ್ನ ನಾಲಿಗೆ ನೋಡಿ, ಬಸ್ಸಿನ ಸೀಟಿನ ಥರ ಆಗಿದೆ!”

“ಇವನದ್ದು ನೋಡಿ ಹಲ್ಲಕ್ಕ, ಹುಟ್ಟಿದಾಗಿಂದ ಉಜ್ಜೇ ಇಲ್ಲ!”

“ಹುಟ್ಟಿದಾಗ ಹಲ್ಲೇ ಇರಲಿಲ್ಲ ಕಣೋ ಪೆದ್ದ!”

ಆ ದಿನ ಮಕ್ಕಳು ಮಾತ್ರೆ ಅಗಿದು ಮುಗಿಸಿದ ಮೇಲೆ ಗೊತ್ತಾಯಿತು, ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕು ಬರಿದಾಗಿತ್ತು. ಮನೆಗೆ ಬಿಡುವ ಗಂಟೆಯೂ ಹೊಡೆಯಿತು. ಹಲ್ಲಕ್ಕ ಒಂದು ಕ್ಷಣ ಯೋಚಿಸಿ, ಇದೇ ಒಳ್ಳೆಯದಾಯಿತು ಅಂದುಕೊಂಡಳು. “ಹೀಗೇ ಮನೆಗೆ ಹೋಗಿ. ಅಪ್ಪ ಅಮ್ಮ ನೋಡಲಿ. ಆಮೇಲೆ ಅವರ ಮುಂದೇ ಉಜ್ಜಿ,” ಎಂದಳು. ಎಷ್ಟೋ ವರ್ಷ ಚೀಟಿ ಬರೆದು ಕಳಿಸಿದರೂ ಕಣ್ಣೆತ್ತಿ ನೋಡದ ಹೆತ್ತವರು ಈ ಬಾಯಿಗಳನ್ನು ನೋಡದೆ ಇರಲಾರರು ಎಂದು ಅವಳ ಲೆಕ್ಕ.

ಎಲ್ಲರೂ ಹೋ ಎಂದು ಓಡಿದರು. ಒಬ್ಬಳು ಮಾತ್ರ ನಿಂತಳು. ತರಗತಿಯಲ್ಲಿ ಅವಳನ್ನು ಚೂಟಿ ಎಂದು ಕರೆಯುತ್ತಿದ್ದರು. ಮುಖ್ಯರಸ್ತೆಯಲ್ಲಿ ಟೈರಿಗೆ ಪಂಚರು ಹಾಕುವ ಪಂಚರಂಗಡಿಯವನ ಮಗಳು. ಲಂಗದ ಅಂಚಿನಿಂದ ಹಲ್ಲನ್ನು ಒರೆಸಿಕೊಳ್ಳುತ್ತಿದ್ದಳು.

“ನಾನು ಒಂಚೂರು ಕುಡಿಯೋ ನೀರಲ್ಲಿ ತೊಳ್ಕೊಂಡು ಹೋಗ್ಲಾ ಹಲ್ಲಕ್ಕ?”

“ಯಾಕೆ? ಎಲ್ಲಿ, ಬಾಯಿ ತೆಗಿ.” ನೋಡಿದಳು. ಮುಂದಿನ ಹಲ್ಲೆಲ್ಲ ಬಣ್ಣ. ಕೆಳಗೆ ಬಲಗಡೆ, ಹಾಲುಹಲ್ಲುಗಳ ಸಾಲಿನ ಹಿಂದೆ ಬಂದಿದ್ದ ದವಡೆಹಲ್ಲಿನ ನಡುವೆ ಕಂದುಬಣ್ಣದ ಗುಳಿ. “ಇದು ನೋಯುತ್ತಾ?”

“ತಣ್ಣಗಿದ್ದದ್ದು ಕುಡಿದ್ರೆ ಮಾತ್ರ. ಅಪ್ಪ ಹೇಳಿದ್ರು, ಅದು ಬಿದ್ದು ಬೇರೆ ಬರುತ್ತೆ ಅಂತ.”

“ಬರಲ್ಲ ಕಣೇ. ಇದು ಹಾಲುಹಲ್ಲಲ್ಲ. ಆರು ವರ್ಷಕ್ಕೆ ಯಾವ ಹಲ್ಲೂ ಬೀಳದೆ ಹಿಂದುಗಡೆ ಸುಮ್ಮನೆ ಬಂದು ಕೂತುಬಿಡುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಮುದುಕಿ ಆಗೋ ತನಕ ಇದರಲ್ಲೇ ಅಗೀಬೇಕು ನೀನು. ಕ್ಲಿನಿಕ್ಕಿಗೆ ಕರ್ಕೊಂಡು ಬರೋಕೆ ಹೇಳು, ಕೆರೆದು ಮುಚ್ಚಿದ್ರೆ ಉಳಿಯುತ್ತೆ.”

“ಹೇಳ್ತೀನಿ. ಈಗ ತೊಳ್ಕೊಳ್ಳಲಾ?”

“ಬೇಡ. ಮನೇಲಿ ನೋಡಲಿ,” ಎಂದು ಹಲ್ಲಕ್ಕ ನಕ್ಕು ಅವಳ ಕೆನ್ನೆ ತಟ್ಟಿದಳು. ಚೂಟಿ ನಗಲಿಲ್ಲ. ತುಟಿ ಬಿಗಿಯಾಗಿ ಮುಚ್ಚಿಕೊಂಡು ಹೋದಳು. ಬಾಯಲ್ಲಿ ಏನೋ ಕದ್ದಿಟ್ಟುಕೊಂಡವರು ನಡೆಯುವ ಹಾಗೆ.

ಅದೇ ವಾರದಲ್ಲಿ, ಒಂದು ಮಧ್ಯಾಹ್ನ, ಪಂಚರಂಗಡಿಯವನು ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದ. ಎತ್ತರದ ಆಳು. ಅಂಗಡಿಯಿಂದ ನೇರ ಬಂದಿದ್ದ. ಟೈರು ಬಿಚ್ಚುವ ಕಬ್ಬಿಣದ ಪಟ್ಟಿ, ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ್ದು, ಅವನ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇತ್ತು. ಅವನ ಹಿಂದೆ ಹೆಂಡತಿ. ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವ ಹೆಂಗಸು. ಬೆರಳ ಸಂದಿಯಲ್ಲಿ ಕಾಣುತ್ತಿತ್ತು, ಮೇಲಿನ ಮುಂದಿನ ಹಲ್ಲುಗಳು ಇರಲಿಲ್ಲ.

ಅವನು ಮಗುವನ್ನು ಕುರ್ಚಿಯ ಮೇಲೆ ಇಳಿಸಿ, ಗಲ್ಲ ಹಿಡಿದು ಬಾಯಿ ತೆರೆಸಿ, ಹೆಮ್ಮೆಯಿಂದ ಎಂಬಂತೆ ಪಕ್ಕಕ್ಕೆ ಸರಿದ.

ಹಲ್ಲಕ್ಕ ದೀಪ ಹಚ್ಚಿದಳು. ಹಚ್ಚಿದ ಕೈ ಹಾಗೇ ನಿಂತಿತು.

ತುಟಿ ಒಡೆದು ಊದಿಕೊಂಡಿತ್ತು. ಒಳಗೆ ವಸಡು ಚಿಂದಿಯಾಗಿತ್ತು. ಸಾಲುಸಾಲು ಗೀರು, ಕೂದಲೆಳೆಯಷ್ಟು ಸಣ್ಣವು, ಒಂದರ ಪಕ್ಕ ಒಂದು, ಮುಂದಿನಿಂದ ಹಿಂದಿನ ತನಕ. ಕೆಲವು ಕಡೆ ಒಣಗಿದ ನೆತ್ತರಿನ ಹಕ್ಕಳೆ, ಕೆಲವು ಕಡೆ ಹಸಿ. ಹಲ್ಲುಜ್ಜುವ ಬ್ರಷ್ಷು ಎಷ್ಟೇ ಒರಟಾಗಿರಲಿ, ವಸಡನ್ನು ಹೀಗೆ ಸೀಳುವುದಿಲ್ಲ. ಅವಳಿಗೆ ಬಾಯಿ ಓದುವುದು ಗೊತ್ತಿತ್ತು.

“ಏನಲ್ಲಿ ಉಜ್ಜಿದ್ರಿ ಇದನ್ನ?”

“ರಿಮ್ಮಿನ ತುಕ್ಕು ತೆಗೆಯೋ ಬ್ರಷ್ಷಲ್ಲಿ,” ಎಂದ ಅವನು. ಮುಚ್ಚುಮರೆ ಏನೂ ಇಲ್ಲ. “ದಿನಾ ಉಜ್ಜಿದೀನಿ, ಉಜ್ಜಿದೀನಿ ಅಂತ ಮುಖ ನೋಡಿ ಸುಳ್ಳು ಹೇಳ್ತಿದ್ಲು. ನೀವು ಬಣ್ಣ ಹಾಕಿ ಕಳಿಸಿದ್ರಿ ನೋಡಿ, ಕಳ್ಳಿ ಸಿಕ್ಕಿಬಿದ್ಲು! ಒಳ್ಳೇ ಕೆಲಸ ಮಾಡಿದ್ರಿ ಅಕ್ಕಾ. ಇವಳಮ್ಮ ಕೈಕಾಲು ಹಿಡ್ಕೊಂಡ್ಲು, ನಾನು ಉಜ್ಜಿದೆ. ಬಣ್ಣ ಎಲ್ಲಾ ಹೋಯ್ತು. ಹಿಂದ್ಗಡೆ ಒಂದು ಕರೀದು ಮಾತ್ರ ಹೋಗ್ಲಿಲ್ಲ. ಅದನ್ನ ಕಿತ್ತಾಕಿ.”

ಅವನ ಹೊಗಳಿಕೆ ಹಲ್ಲಕ್ಕನಿಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಅವಳು ಚೂಟಿಯ ಕಡೆ ನೋಡಿದಳು. ಮಗು ಚಾವಣಿ ನೋಡುತ್ತಿತ್ತು.

ಡಾಕ್ಟರು ವಯಸ್ಸಾದವರು, ಮೆದು ಮಾತಿನವರು. ಕನ್ನಡಿ ಇಟ್ಟು ನೋಡಿ, ಕನ್ನಡಕ ಸರಿಮಾಡಿಕೊಂಡು ಹೇಳಿದರು: “ನೋಡಪ್ಪ, ಇದು ಕೀಳೋ ಹಲ್ಲಲ್ಲ. ಹುಳುಕು ಒಳಗಿನ ನರದ ತನಕ ಹೋಗಿಲ್ಲ. ಶುಚಿ ಮಾಡಿ ಸಿಮೆಂಟು ತುಂಬಿದ್ರೆ ಜೀವಮಾನ ಇರುತ್ತೆ. ಕಿತ್ರೆ ಆ ಜಾಗ ಖಾಲಿ.”

“ಖಾಲಿ ಇರ್ಲಿ. ನಾಲಿಗೆ ಹೋಗಿ ಹೋಗಿ ಆ ಖಾಲಿ ಜಾಗ ಮುಟ್ಟುತ್ತಲ್ಲ, ಆವಾಗೆಲ್ಲ ನೆನಪಾಗ್ಲಿ. ನನಗೆ ನಮ್ಮಪ್ಪ ಇಕ್ಕಳದಲ್ಲಿ ಕಿತ್ತಿದ್ದ. ಸೂಜಿ ಇಲ್ಲ ಗೀಜಿ ಇಲ್ಲ. ಅವತ್ತಿಂದ ಸಿಹಿ ಅನ್ನೋದನ್ನ ನಾಲಿಗೆ ಮೇಲೆ ಇಟ್ಟಿದ್ದೀನಾ? ನನ್ನ ಹೆಂಡ್ತೀನೇ ಕೇಳಿ.”

“ನಿಮ್ಮ ದವಡೆ ಯಾಕೆ ಹಾಗೆ ಊದಿದೆ?” ಎಂದರು ಡಾಕ್ಟರು.

ಆಗ ಹಲ್ಲಕ್ಕನೂ ಗಮನಿಸಿದಳು. ಅವನ ಎಡದವಡೆಯ ಕೆಳಗೆ, ಗಡ್ಡದ ಮರೆಯಲ್ಲಿ, ಚರ್ಮ ಬಿಗಿದು ಹೊಳೆಯುವಷ್ಟು ಊದಿತ್ತು. ಕಣ್ಣು ಕೆಂಪಗೆ, ಜ್ವರದ ಕಣ್ಣು. ಮಾತಾಡಿದಾಗೆಲ್ಲ ಕೊಳೆತ ವಾಸನೆ ಬರುತ್ತಿತ್ತು. ಅದು ಬೇರಿನ ಬುಡದಲ್ಲಿ ಕೀವು ಕಟ್ಟಿದ ವಾಸನೆ. ಆ ನೋವಿನಲ್ಲಿ ಮನುಷ್ಯ ನಿದ್ದೆ ಮಾಡಿರುವುದಿಲ್ಲ, ಉಂಡಿರುವುದಿಲ್ಲ, ಪ್ರಪಂಚದಲ್ಲಿ ಕಂಡದ್ದನ್ನೆಲ್ಲ ಒಡೆದುಹಾಕಬೇಕು ಅನ್ನಿಸಿರುತ್ತದೆ.

“ನನ್ನದು ಬಿಡಿ.”

“ಬಿಡೋ ಹಾಗಿಲ್ಲ. ಮೊದಲು ನಿಮ್ಮದನ್ನ ನೋಡ್ತೀನಿ, ಕೂತ್ಕೊಳ್ಳಿ. ಕೀವು ಕತ್ತಿಗೆ ಇಳಿದ್ರೆ ಪ್ರಾಣಕ್ಕೆ...”

“ನನ್ನ ಮುಟ್ಟಿದ್ರೆ ಕೈ ಮುರೀತೀನಿ!” ಎಂದು ಗುಡುಗಿದ. ಆದರೆ ಗುಡುಗಿದವನೇ ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದ. ಅಷ್ಟು ದೊಡ್ಡ ದೇಹ ಆ ಕುರ್ಚಿಗೆ ಹೆದರುತ್ತಿತ್ತು.

ಬಾಗಿಲ ಹತ್ತಿರ ನಿಂತಿದ್ದ ತಾಯಿ ಅಂಗೈಯ ಹಿಂದಿನಿಂದ ಮೆಲ್ಲಗೆ ಹೇಳಿದಳು: “ಅವರು ಹೇಳಿದ ಹಾಗೆ ಮಾಡಿಬಿಡಿ ಸಾರ್. ಇಲ್ಲಿ ಆದ್ರೆ ಸೂಜಿಯಾದ್ರೂ ಚುಚ್ಚಿ ಕೀಳ್ತೀರಿ. ಇಲ್ಲಾಂದ್ರೆ ಮನೇಲಿ ಇವರೇ ಕೀಳ್ತಾರೆ. ಇಕ್ಕಳ ತೊಳೆದಿಟ್ಟಿದಾರೆ.”

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಬರುತ್ತಿತ್ತು.

ಡಾಕ್ಟರು ತಲೆ ತಗ್ಗಿಸಿ ಮಗುವಿನ ಬಾಯಿಯನ್ನೇ ನೋಡುತ್ತ ಕುಳಿತರು. ಅವರು ಏನು ಯೋಚಿಸುತ್ತಿದ್ದಾರೆ ಎಂಬುದು ಹಲ್ಲಕ್ಕನಿಗೆ ಅವರ ಬೆನ್ನು ನೋಡಿಯೇ ಗೊತ್ತಾಯಿತು. ಮನೆಯ ಇಕ್ಕಳಕ್ಕಿಂತ ಇಲ್ಲಿನ ಇಕ್ಕಳ ಮೇಲು. ಸಿರಿಂಜಿನಲ್ಲಿ ಮರಗಟ್ಟಿಸುವ ಮದ್ದು ತುಂಬಿಟ್ಟದ್ದು ಕೈಗೆ ಹತ್ತಿರವೇ ಇತ್ತು. ಅವರು ಕಣ್ಣೆತ್ತದೆ ಬಲಗೈ ಚಾಚಿದರು. ಬೆರಳುಗಳನ್ನು ಅಗಲ ಮಾಡಿ, ಅಂಗೈ ಮೇಲೆ ಮಾಡಿ. ಅದು ಇಕ್ಕಳ ಕೇಳುವ ಕೈ.

ಹಲ್ಲಕ್ಕ ಆ ಕೈಯಲ್ಲಿ ಕೆರೆಯುವ ಸಣ್ಣ ಚಮಚವನ್ನು ಇಟ್ಟಳು. ಹುಳುಕು ತೆಗೆಯುವ ಚಮಚ.

ಡಾಕ್ಟರ ಬೆರಳುಗಳು ಅದನ್ನು ಹಿಡಿದು, ತೂಕ ನೋಡಿ, ತಪ್ಪು ಎಂದು ಗೊತ್ತಾಗಿ, ತಟ್ಟೆಯಲ್ಲಿಟ್ಟು ಮತ್ತೆ ಚಾಚಿದವು. ಹಲ್ಲಕ್ಕ ಮತ್ತೆ ಅದೇ ಚಮಚ ಇಟ್ಟಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪದ ಕೈ ಅದು. ಡಾಕ್ಟರು ಕಣ್ಣೆತ್ತಿ ಅವಳನ್ನು ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ. ಅವರು ಚಮಚವನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಏನ್ ಆಟ ಆಡ್ತಿದೀರಾ ಇಬ್ರೂ?” ಎಂದ ಪಂಚರಂಗಡಿಯವನು.

“ಈ ಹಲ್ಲು ಕೀಳಲ್ಲ,” ಎಂದಳು ಹಲ್ಲಕ್ಕ.

“ನೀನ್ಯಾವಳೇ ಹೇಳೋಕೆ? ನನ್ನ ಮಗಳು, ನನ್ನ ಮಗಳ ಹಲ್ಲು!”

ಅವನು ಡಾಕ್ಟರ ಭುಜಕ್ಕೆ ಕೈ ಹಾಕಿ ತಳ್ಳಿದ. ಗಾಲಿಯಿದ್ದ ಸ್ಟೂಲು ಅವರನ್ನು ಹೊತ್ತುಕೊಂಡೇ ಹೋಗಿ ಗೋಡೆಗೆ ಬಡಿಯಿತು. ಹಲ್ಲಕ್ಕನ ಪಕ್ಕದ ತಟ್ಟೆಯಲ್ಲಿದ್ದ ಇಕ್ಕಳವನ್ನು ಅವನು ಬಾಚಿಕೊಂಡ. ಎಡಗೈಯ ಎರಡು ಬೆರಳು ಮಗಳ ಬಾಯೊಳಗೆ ತೂರಿಸಿ ದವಡೆ ಅಗಲಿಸಿದ. ಇಕ್ಕಳ ಹಲ್ಲಿಗೆ ತಾಗಿ ಟಕ್ಕೆಂದಿತು, ಜಾರಿತು, ಸೀಳಿದ್ದ ವಸಡಿಗೆ ಹೊಕ್ಕಿತು. ಬಾಯಿ ತುಂಬ ನೆತ್ತರು ಬಂತು.

ಆವರೆಗೂ ಚಾವಣಿ ನೋಡುತ್ತಿದ್ದ ಚೂಟಿ ಕಚ್ಚಿದಳು.

ಸುಮ್ಮನೆ ಕಚ್ಚಿದ್ದಲ್ಲ. ಹಿಂದಿನ ಹಲ್ಲುಗಳವರೆಗೆ ಹೋಗಿದ್ದ ಅಪ್ಪನ ಬೆರಳನ್ನು ಮೂಳೆ ಸಿಗುವ ತನಕ ಕಚ್ಚಿದಳು, ಬಿಡಲಿಲ್ಲ. ಅವನು ಅರಚಿದ. ಇಕ್ಕಳ ಬಿತ್ತು. ಬೆರಳು ಎಳೆದುಕೊಂಡಾಗ ಅದರ ಚರ್ಮ ಸುಲಿದು ಬಂದಿತ್ತು. ನೋವಿನಲ್ಲಿ ಅವನ ಬಲಗೈ ತಾನಾಗಿಯೇ ಸೊಂಟಕ್ಕೆ ಹೋಯಿತು, ಕಬ್ಬಿಣದ ಪಟ್ಟಿ ಮೇಲೆದ್ದಿತು, ಮಗುವಿನ ಮುಖದತ್ತ ಇಳಿಯಿತು.

ನಡುವೆ ಬಂದದ್ದು ಡಾಕ್ಟರ ಕೈ. ಗೋಡೆಯ ಹತ್ತಿರದಿಂದ ಹೇಗೆ ಎದ್ದು ಬಂದರೋ, ಮಣಿಕಟ್ಟು ಅಡ್ಡ ಹಿಡಿದರು. ಒಣಕಟ್ಟಿಗೆ ಮುರಿದ ಸದ್ದು ಬಂತು. ಡಾಕ್ಟರು ಕೂಗಲಿಲ್ಲ, ಬಾಗಿದ ತಮ್ಮ ಕೈಯನ್ನೇ ಆಶ್ಚರ್ಯದಿಂದ ನೋಡಿ ಕುಸಿದರು. ಎರಡನೇ ಏಟು ದೀಪಕ್ಕೆ ಬಿತ್ತು, ಗಾಜಿನ ಚೂರು ಮಗುವಿನ ತಲೆಗೂದಲಿನ ಮೇಲೆಲ್ಲ ಉದುರಿತು. ಮಗಳ ಕೈಕಾಲು ಹಿಡಿದುಕೊಟ್ಟಿದ್ದ ಅದೇ ತಾಯಿ ಈಗ ಹಿಂದಿನಿಂದ ಗಂಡನ ಕತ್ತಿಗೆ ಜೋತುಬಿದ್ದಳು. ಅವನು ಮೈ ಕೊಡವಿ ಮೊಣಕೈ ಬೀಸಿದ. ಅವಳ ತಲೆ ಕಪಾಟಿಗೆ ಬಡಿದು, ಕಪಾಟಿನ ಮೇಲಿದ್ದ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳೆಲ್ಲ ಒಂದೊಂದಾಗಿ ಅವಳ ಮೇಲೆ ಬಿದ್ದು ಒಡೆದವು. ಪಟ್ಟಿ ಮತ್ತೆ ಮೇಲೆದ್ದಿತು.

ಹಲ್ಲಕ್ಕ ಜಗಳಗಂಟಿಯಲ್ಲ. ಸಂತೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ದಾರಿ ಬದಲಿಸುವ ಹೆಂಗಸು. ಆದರೆ ಕೈಗೆ ಎಲ್ಲಿ ಹೋಗಬೇಕೆಂದು ಗೊತ್ತಿತ್ತು. ಅವಳು ಅವನ ಎದೆಗೆ ನುಗ್ಗಿ, ಎಡದವಡೆಯ ಅಡಿಯ ಆ ಊತಕ್ಕೆ ಹೆಬ್ಬೆರಳು ಇಟ್ಟು, ಮೈಯ ಭಾರವನ್ನೆಲ್ಲ ಬಿಟ್ಟು ಮೇಲಕ್ಕೆ ಒತ್ತಿದಳು.

ಅವನಿಂದ ಹೊರಟದ್ದು ಮನುಷ್ಯರ ಕೂಗಾಗಿರಲಿಲ್ಲ. ಮಂಡಿ ಮಡಚಿತು. ಪಟ್ಟಿ ನೆಲಕ್ಕೆ ಬಿದ್ದು ಠಣ್ಣೆಂದಿತು. ಹೆಬ್ಬೆರಳ ಅಡಿಯಲ್ಲಿ ಏನೋ ಒಡೆದು ಮೆತ್ತಗಾಯಿತು. ಬಾಯಿಂದ ಹಳದಿ ಕೀವು, ಕಪ್ಪು ನೆತ್ತರು ಅವಳ ಮೊಣಕೈವರೆಗೂ ಇಳಿಯಿತು. ಅವನು ಎರಡೂ ಕೈಯಿಂದ ಅವಳ ಕಾಲು ಹಿಡಿದುಕೊಂಡ. ಹೊಡೆಯುವುದಕ್ಕಲ್ಲ, ಬೇಡುವುದಕ್ಕೆ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಅವಳು ಇನ್ನೂ ಒತ್ತಿದಳು. ಎಷ್ಟು ಹೊತ್ತು ಎಂದು ಅವಳಿಗೇ ತಿಳಿಯದು. ಸೈಕಲ್ ಅಂಗಡಿಯವರು ಸದ್ದು ಕೇಳಿ ಮೇಲೆ ಓಡಿಬಂದು ಅವಳ ಕೈ ಬಿಡಿಸಿದರು.

ಅವರು ಕಂಡದ್ದು ಇಷ್ಟು: ಮುರಿದ ಕೈ ಹಿಡಿದು ನೆಲದಲ್ಲಿ ಕೂತ ಡಾಕ್ಟರು, ಕಪಾಟಿನ ಬುಡದಲ್ಲಿ ಬಿದ್ದ ಹೆಂಗಸು, ಬಾಯಿ ತುಂಬ ನೆತ್ತರಿದ್ದ ಮಗು. ಆ ಬೀದಿಯಲ್ಲಿ ಡಾಕ್ಟರು ನೋಡದ ಬಾಯಿಯೇ ಇರಲಿಲ್ಲ. ಸೈಕಲ್ ಅಂಗಡಿಯವನು ಒಂದು ಮಾತೂ ಕೇಳಲಿಲ್ಲ. “ಎಳೀರೋ ಇವನ್ನ ಕೆಳಕ್ಕೆ,” ಎಂದ. ಕಾಲು ಹಿಡಿದು ಎಳೆದರು. ಮೆಟ್ಟಿಲು ಮೆಟ್ಟಿಲಿಗೂ ಅವನ ತಲೆ ಬಡಿದ ಸದ್ದು ಕೆಳಗಿನವರೆಗೂ ಹೋಯಿತು.

ಕಿಟಕಿ ತೆರೆದೇ ಇತ್ತು. ಬೀದಿಯಲ್ಲಿ ಜನ ಕೂಡಿದರು. ಯಾಕೆ ಎಂದು ಗೊತ್ತಿಲ್ಲದವರೂ ಕೂಡಿದರು. ಗಾಳಿ ಹೊಡೆಯುವ ಪಂಪು, ಚೈನು, ಚಪ್ಪಲಿ, ಕೈಗೆ ಸಿಕ್ಕಿದ್ದು. “ಮಗೂನ ಹೊಡೀತೀಯೇನೋ? ಹೊಡಿಯೋ ಈಗ, ನನ್ನ ಹೊಡಿಯೋ!” ಎಂದು ಯಾರೋ ಕೂಗಿದ, ಕೂಗಿದ ಮೇಲೆ ಒದ್ದ ಸದ್ದು. ಪಂಚರಂಗಡಿಯವನು ದವಡೆಯನ್ನು ಎರಡು ಕೈಯಿಂದ ಮುಚ್ಚಿಕೊಂಡು ಮುದುಡಿದ್ದ. ಅವನು ಎಲ್ಲಿ ಮುಚ್ಚಿಕೊಂಡನೋ ಜನ ಅಲ್ಲಿಗೇ ಒದೆಯುತ್ತಿದ್ದರು.

“ಹೋಗಮ್ಮಾ,” ಎಂದರು ಡಾಕ್ಟರು ಹಲ್ಲು ಕಚ್ಚಿಕೊಂಡು. “ಹೋಗಿ ನಿಲ್ಲಿಸು. ಸಾಯಿಸಿಬಿಡ್ತಾರೆ. ನಿನ್ನ ಮಾತು ಕೇಳ್ತಾರೆ.”

ಅದು ನಿಜ. ಅವಳು ಕಿಟಕಿಯಲ್ಲಿ ನಿಂತು ಬೇಡ ಅಂದಿದ್ದರೆ ನಿಲ್ಲುತ್ತಿತ್ತೇನೋ. ಅವಳು ಕಿಟಕಿಯ ಕಡೆಗೆ ಹೊರಟಳು ಕೂಡ. ಆದರೆ ಅವಳ ಸೆರಗು ಹಿಂದಕ್ಕೆ ಜಗ್ಗಿತು.

“ಕೀಳ್ತೀರಾ?” ಎಂದಳು ಚೂಟಿ. ಊದಿದ ತುಟಿಯಲ್ಲಿ ಮಾತು ಕಲಸಿಹೋಗಿತ್ತು.

“ಇಲ್ಲ ಪುಟ್ಟಿ.”

“ಹಾಗಾದ್ರೆ ಈಗ್ಲೇ ಮುಚ್ಚಿಬಿಡಿ. ಅಪ್ಪ ಮೇಲೆ ಬರೋಕೆ ಮುಂಚೆ. ಮುಚ್ಚಿಬಿಟ್ರೆ ಕಾಣಲ್ಲ ಅಲ್ವಾ? ಕಾಣದೇ ಇದ್ರೆ ಕೀಳಲ್ಲ.”

ಹಲ್ಲಕ್ಕ ಕಿಟಕಿಗೆ ಹೋದಳು. ಕೆಳಗೆ ನೋಡಿದಳು. ಅವನ ಮುಖ ಮೇಲಕ್ಕೆ ತಿರುಗಿತ್ತು, ಕಣ್ಣು ತೆರೆದಿತ್ತು. ತನ್ನನ್ನೇ ನೋಡಿದನೆಂದು ಅವಳಿಗೆ ಅನ್ನಿಸಿತು. ಅವಳು ಬಾಯಿ ತೆರೆದಳು. ಹಿಂದಿನಿಂದ ಮಗು ಬಿಕ್ಕಿದ್ದು ಕೇಳಿಸಿತು. ಅವಳು ಬಾಯಿ ಮುಚ್ಚಿದಳು, ಕಿಟಕಿಯನ್ನೂ ಮುಚ್ಚಿ ಚಿಲಕ ಹಾಕಿದಳು.

“ಏನು ಮಾಡ್ತಿದೀಯಮ್ಮಾ?” ಎಂದರು ಡಾಕ್ಟರು.

“ಧೂಳು ಬರುತ್ತೆ ಸಾರ್. ಸಿಮೆಂಟಿಗೆ ಧೂಳು ಬೀಳಬಾರದು,” ಎಂದಳು.

ಕೈ ತೊಳೆದಳು. ಮೊಣಕೈವರೆಗೆ ತಿಕ್ಕಿ ತೊಳೆದಳು. ದೀಪ ಒಡೆದಿತ್ತು, ಕುರ್ಚಿಯನ್ನು ಕಿಟಕಿಯ ಗಾಜಿನ ಬೆಳಕಿಗೆ ತಿರುಗಿಸಿದಳು. ಹಲ್ಲು ಕೊರೆಯುವ ಮಿಷನ್ನಿನ ತಂತಿ ಹೊಡೆದಾಟದಲ್ಲಿ ಹರಿದಿತ್ತು. ಅವಳು ಡಾಕ್ಟರ ಕೈಗೆ ರಟ್ಟು ಕಟ್ಟಿ, ತಲೆದಿಂಬಿಗೆ ಒರಗಿಸಿ ಕೂರಿಸಿದಳು. ತಾಯಿಗೆ ಪ್ರಜ್ಞೆ ಇತ್ತು. ಕಪಾಟಿಗೆ ಒರಗಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಇಷ್ಟು ವರ್ಷ ಸಲಕರಣೆ ಕೊಟ್ಟವಳು ಇವತ್ತು ತಾನೇ ಹಿಡಿಯಬೇಕಿತ್ತು. ಹಾಗೆ ಹಿಡಿಯುವುದು ತಪ್ಪು ಎಂದು ಅವಳಿಗೆ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

“ಮೊದಲು ಅಂಚು,” ಎಂದರು ಡಾಕ್ಟರು, ಕಣ್ಣು ಮುಚ್ಚಿಕೊಂಡೇ. “ಅಂಚು ಶುಚಿಯಾದ್ರೆ ಅರ್ಧ ಕೆಲಸ ಮುಗೀತು. ನಡುವಿನದು ಆಮೇಲೆ. ಒತ್ತಬೇಡ, ಕೆರಿ.”

ಅವಳು ಹತ್ತಿಯುಂಡೆ ಇಟ್ಟು ನೆತ್ತರನ್ನು ದೂರ ಮಾಡಿದಳು. ಸಣ್ಣ ಚಮಚದಿಂದ ಕೆರೆದಳು. ಮೆತ್ತಗಿನ ಹುಳುಕು ಒದ್ದೆ ಮರದ ಪುಡಿಯಂತೆ ಬಂತು. ಹೊರಗೆ ಏಟಿನ ಸದ್ದು. ಕೆರೆದಳು. ಗಾಜಿನ ಆಚೆಯಿಂದ ಒಂದು ನರಳಿಕೆ. ಮಗುವಿನ ಕಣ್ಣು ಕಿಟಕಿಯ ಕಡೆ ಹೊರಳಿತು.

“ನನ್ನ ನೋಡು,” ಎಂದಳು ಹಲ್ಲಕ್ಕ. “ನನ್ನ ಮೂಗು ನೋಡು. ಎಷ್ಟು ಕೂದಲಿದೆ ಎಣಿಸು.”

ಚೂಟಿ ನೋಡಿದಳು. ಅಂಥ ಹೊತ್ತಿನಲ್ಲೂ ಅವಳ ಗಂಟಲಲ್ಲಿ ನಗು ಎದ್ದು ಕೆಮ್ಮಾಯಿತು. ಹಲ್ಲಕ್ಕ ಹತ್ತಿ ಬದಲಿಸಿ ಮತ್ತೆ ಕೆರೆದಳು. ಚಮಚಕ್ಕೆ ಗಟ್ಟಿ ಸಿಕ್ಕಿ ಕಿರ್ರೆಂದಿತು.

“ಆ ಸದ್ದು ಬಂತಲ್ಲ, ಸಾಕು,” ಎಂದರು ಡಾಕ್ಟರು. “ತೊಳಿ. ಒಣಗಿಸು. ಈಗ ಬೇಗ.”

ಪುಡಿಗೆ ದ್ರವ ಹಾಕಿ ಕಲಸಿದಳು. ಹೊಳಪು ಆರುವ ಮೊದಲೇ ಗುಳಿಗೆ ತುಂಬಬೇಕು. ತುಂಬಿ, ಬೆರಳ ತುದಿಗೆ ವ್ಯಾಸಲೀನ್ ಸವರಿ, ಹಲ್ಲಿನ ಮೇಲೆ ಒತ್ತಿ ಹಿಡಿದಳು. ಈಗಷ್ಟೇ ಒಬ್ಬ ಮನುಷ್ಯನನ್ನು ಮಂಡಿಯೂರಿಸಿದ ಅದೇ ಕೈ. ಆಗಿನಷ್ಟು ಅಲ್ಲ, ಹೂವಿನಷ್ಟೂ ಅಲ್ಲ, ಸಿಮೆಂಟು ಮೂಲೆಮೂಲೆಗೆ ಹೋಗುವಷ್ಟು. ಮಗು ಕಚ್ಚಬಹುದಿತ್ತು, ಕಚ್ಚಲಿಲ್ಲ. ಬೆರಳ ಕೆಳಗೆ ಬಿಸಿಯುಸಿರು ಬರುತ್ತಿತ್ತು. ಬೀದಿಯಲ್ಲಿ ಕೂಗು ಇಳಿಯುತ್ತ ಬಂತು. ಆಮೇಲೆ ಏನೂ ಕೇಳಿಸಲಿಲ್ಲ. ಅವಳು ಬೆರಳು ತೆಗೆದಾಗ ಗುಳಿ ಇರಲಿಲ್ಲ.

ಕಿಟಕಿ ತೆರೆದು ನೋಡಿದರೆ ಬೀದಿ ಬರಿದಾಗಿತ್ತು. ಒದ್ದವರೇ ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರು.

ತಾಯಿ ಮೆಲ್ಲಗೆ ಎದ್ದು ಬಂದು ಮಗಳ ಕೂದಲಿನಿಂದ ಗಾಜಿನ ಚೂರು ಆರಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, ಅಂಗೈ ಅಡ್ಡ ಹಿಡಿಯದೆ, ಕೇಳಿದಳು: “ಕಿಟಕಿ ಮುಚ್ಚಿದ್ದು ನೀವೇ ಅಲ್ವಾ?”

“ಹೌದು,” ಎಂದಳು ಹಲ್ಲಕ್ಕ.

ಆ ಹೆಂಗಸು ಅವಳ ಮುಖವನ್ನೇ ನೋಡಿದಳು. ಮಗಳ ಕೈ ಹಿಡಿದು ಮೆಟ್ಟಿಲಿಳಿದಳು.

ಪಂಚರಂಗಡಿಯವನು ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ, ಉಳಿಯಲಿಲ್ಲ. ಪಕ್ಕೆಲುಬು ಮುರಿದಿತ್ತು, ದವಡೆ ಸೀಳಿತ್ತು, ಕೀವು ಕತ್ತಿಗಿಳಿದು ಉಸಿರಿನ ದಾರಿ ಮುಚ್ಚಿತ್ತು. ಪೊಲೀಸರು ಬಂದು ಬೀದಿಯವರನ್ನೆಲ್ಲ ಕೇಳಿದರು. ಪ್ರತಿಯೊಬ್ಬನೂ ಇನ್ನೊಬ್ಬನ ಕಡೆ ನೋಡಿದ. ಹಲ್ಲಕ್ಕ ತಾನೇ ಎದ್ದು ಹೋಗಿ ಹೇಳಿದಳು: “ನಾನು ಒತ್ತಿದೆ. ಬಿಡಬೇಕಾದಾಗ ಬಿಡಲಿಲ್ಲ. ಆಮೇಲೆ ಕಿಟಕಿ ಮುಚ್ಚಿದೆ.” ಇನ್ಸ್‌ಪೆಕ್ಟರು ದಣಿದಿದ್ದ. “ಹೆಬ್ಬೆರಳಲ್ಲಿ ಒತ್ತಿದ್ರೆ ಯಾರಾದ್ರೂ ಸಾಯ್ತಾರೇನಮ್ಮಾ? ಕಿಟಕಿ ಮುಚ್ಚೋದು ಯಾವ ಕಾನೂನಲ್ಲಿ ತಪ್ಪು? ಮನೆಗೆ ಹೋಗಿ,” ಎಂದ. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಡಾಕ್ಟರನ್ನು ಕೇಳಿದಳು, ಅಲ್ಲಿ ಒತ್ತಿದರೆ ಕೀವು ಹೊರಕ್ಕೆ ಬರುತ್ತದೋ ಒಳಕ್ಕೆ ಹೋಗುತ್ತದೋ ಎಂದು. ಡಾಕ್ಟರು ಬ್ಯಾಂಡೇಜು ಕಟ್ಟಿದ ತಮ್ಮ ಕೈ ನೋಡುತ್ತ, “ಎರಡೂ ಆಗಬಹುದು,” ಎಂದರು. ಅವರು ಸುಳ್ಳು ಹೇಳುವವರಲ್ಲ.

ಹಾಗಾಗಿ ಅವನನ್ನು ಕೊಂದದ್ದು ಅವನದೇ ಹಲ್ಲೋ, ಬೀದಿಯವರ ಕಾಲೋ, ಹಲ್ಲಕ್ಕನ ಹೆಬ್ಬೆರಳೋ ತಿಳಿದಿಲ್ಲ. ಆ ತಾಯಿ ಬಾಗಿಲಲ್ಲಿ ಕೇಳಿದ್ದು ದೂರೋ ಉಪಕಾರದ ಮಾತೋ, ಅದೂ ತಿಳಿದಿಲ್ಲ. ಅವಳು ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದಳು, ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ಕೈಯಲ್ಲಿ ಕೆರೆದು ತುಂಬಿದ ಸಿಮೆಂಟು ಕೆಲವರಿಗೆ ಬಹಳ ಕಾಲ ಇರುತ್ತದೆ, ಕೆಲವರಿಗೆ ಬೇಗ ಉದುರುತ್ತದೆ, ಆಗಾಗ ತೋರಿಸಬೇಕು. ಚೂಟಿ ತೋರಿಸಲು ಬರಲಿಲ್ಲ. ಆ ಹಲ್ಲು ಈಗ ಅವಳ ಬಾಯಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ.